ನೋಡದ ದೇಶದ ಮಳೆ

ಕಳೆದ ಜೂನ್‌ನಲ್ಲಿ ಕುಮಟಾದಿಂದ ಭಟ್ಕಳಕ್ಕೆ ಹೊರಟಿದ್ದ ಬಸ್ಸು ಹೊನ್ನಾವರದ ಸೇತುವೆ ದಾಟಿ ಕಾಸರಕೋಡಿನಲ್ಲಿ ಕೆಟ್ಟು ನಿಂತಿತು. ಕಂಡಕ್ಟರು ಇನ್ನೊಂದು ಬಸ್ಸು ಬರುತ್ತದೆ ಎಂದ. ಕೆಳಗಿಳಿದು ನಿಂತೆ. ಅಷ್ಟರಲ್ಲಿ ಹನಿ ಶುರುವಾಯಿತು. ರಸ್ತೆಯ ಆಚೆ ಯಾರೋ ಹೆಂಗಸರು ಚಾಪೆಯ ಮೇಲೆ ಒಣಹಾಕಿದ್ದ ಸಿಗಡಿಯನ್ನು ಬಾಚಿಕೊಂಡು ಓಡಿದರು. ಒಣಮೀನಿನ ಮೇಲೆ ಮೊದಲ ಮಳೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಈ ಊರಿಗೆ ಬಂದ ಮೊದಲ ದಿನ ನಾನೂ ಮುಚ್ಚಿಕೊಂಡಿದ್ದೆ. ಈಗ ಅದನ್ನು ಎದೆ ತುಂಬ ಎಳೆದುಕೊಂಡೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನ ಒಂದು ಮಳೆಗಾಲ ಕಣ್ಣ ಮುಂದೆ ಬಂತು.

ನನಗಾಗ ಇಪ್ಪತ್ತನಾಲ್ಕು. ಬಿ.ಎಡ್. ಮುಗಿಸಿ ಸಮಾಜ ಪಾಠದ ಶಿಕ್ಷಕಿಯಾಗಿ ಕಾಸರಕೋಡಿನ ಮೀನುಗಾರರ ದಂಡೆಯ ಹೈಸ್ಕೂಲಿಗೆ ಬಂದಿದ್ದೆ. ಕುಮಟಾ ದೂರವೇನಲ್ಲ, ಆದರೂ ದಿನಾ ಓಡಾಡಲು ಆಗುತ್ತಿರಲಿಲ್ಲ. ಶಾಲೆಯ ಹತ್ತಿರವೇ ಒಂದು ಕೋಣೆ ಹಿಡಿದಿದ್ದೆ. ಊರಿನವರು ನನ್ನನ್ನು ‘ಅಕ್ಕೋರು’ ಎಂದು ಕರೆಯುತ್ತಿದ್ದರು. ನನಗಿಂತ ಹಿರಿಯರೂ ಹಾಗೇ ಕರೆದಾಗ ಮೊದಮೊದಲು ಸಂಕೋಚವಾಗುತ್ತಿತ್ತು.

ಜೂನ್ ಬಂದರೆ ದೋಣಿಗಳೆಲ್ಲ ಮರಳ ಮೇಲೆ ತೆಂಗಿನ ಗರಿಯ ಮಡಲು ಹೊದ್ದು ಮಲಗುತ್ತಿದ್ದವು. ಬುಟ್ಟಿ ಹೊತ್ತು ಹೊನ್ನಾವರ ಪೇಟೆ ಸುತ್ತುತ್ತಿದ್ದ ಹೆಂಗಸರಿಗೆ ಎರಡು ತಿಂಗಳು ಕೆಲಸ ಕಡಿಮೆ. ವಯಸ್ಕರ ಶಿಕ್ಷಣದ ತರಗತಿ ನಡೆಸಲು ಮೇಲಿನಿಂದ ಕಾಗದ ಬಂದಾಗ ಹೆಡ್‌ಮಾಸ್ತರು ಅದನ್ನು ನನ್ನ ಮೇಜಿನ ಮೇಲೆ ಇಟ್ಟರು. “ನೀವು ಹೊಸಬರು, ಉತ್ಸಾಹ ಇದೆ” ಎಂದರು. ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ, ಆಮೇಲೆ ಭಾನುವಾರ, ಎಂಟನೆಯ ತರಗತಿಯ ಕೋಣೆಯಲ್ಲಿ ಹೆಂಗಸರ ಶಾಲೆ ಶುರುವಾಯಿತು. ಹದಿನಾಲ್ಕು ಜನ ಬಂದರು. ಅವರ ಪೈಕಿ ಮಾದೇವಿ ಒಬ್ಬಳು.

ಮಾದೇವಿಗೆ ಮೂವತ್ತೈದರ ಆಸುಪಾಸು. ಎತ್ತರದ ಆಳು, ಗಟ್ಟಿ ಗಂಟಲು. ಅವಳ ಮಗಳು ನಾಗವೇಣಿ ನನ್ನ ಎಂಟನೆಯ ತರಗತಿಯಲ್ಲಿದ್ದಳು. ಗಂಡ ಜಟ್ಟಪ್ಪ ಮಾಘ ಮಾಸದಲ್ಲಿ ದುಬೈಗೆ ಹೋಗಿದ್ದ. ದಂಡೆಯಿಂದ ಆ ದೇಶಕ್ಕೆ ಹೋದ ಮೊದಲ ಮೀನುಗಾರ ಅವನು. ಹಾಗಾಗಿ ಆ ಮನೆಗೆ ಊರಿನಲ್ಲಿ ಒಂದು ತೂಕ ಬಂದಿತ್ತು. ನಾಗವೇಣಿ ತರಗತಿಯಲ್ಲಿ ಮಾತೆತ್ತಿದರೆ “ನಮ್ಮಪ್ಪ ಇರೋ ದೇಶದಲ್ಲಿ” ಎಂದೇ ಶುರುಮಾಡುತ್ತಿದ್ದಳು. ಅವನ ಕಾಗದಗಳು ಅಂಚೆಯಲ್ಲಿ ಬರುತ್ತಿರಲಿಲ್ಲ. ಅಲ್ಲಿಂದ ಮುಂಬಯಿಗೆ ಬಂದವರ ಕೈಯಲ್ಲಿ, ಮುಂಬಯಿಯಿಂದ ಊರಿಗೆ ಬರುವ ಹೋಟೆಲು ಕೆಲಸದವರ ಕೈಯಲ್ಲಿ ಬರುತ್ತಿದ್ದವು. ಉತ್ತರವನ್ನೂ ಮುಂಬಯಿಯ ಒಂದು ಖೋಲಿಯ, ಅಂದರೆ ಬಾಡಿಗೆ ಕೋಣೆಯ, ವಿಳಾಸಕ್ಕೇ ಹಾಕಬೇಕು. ಆಗ ದುಡಿಯಲು ಊರು ಬಿಟ್ಟವರ ಎಷ್ಟೋ ಮನೆಗಳ ಕಾಗದಗಳು ಹೀಗೆಯೇ ಓಡಾಡುತ್ತಿದ್ದವು. ಅದರಲ್ಲಿ ಯಾರಿಗೂ ವಿಶೇಷ ಕಾಣಿಸಲಿಲ್ಲ.

ಮೊದಲ ದಿನ ನಾನು ಕರಿಹಲಗೆಯ ಮೇಲೆ ‘ಅ’ ಬರೆದೆ. ಮಾದೇವಿ ಎದ್ದು ನಿಂತಳು.

“ಅಕ್ಕೋರೇ, ಅಕ್ಷರ ಆಮೇಲೆ ಕಲೀತೆ. ಮೊದ್ಲು ದುಬೈ ಎಲ್ಲಿ ಅಂತ ಹೇಳಿ. ನಮ್ಮ ದಂಡೆಯಿಂದ ಯಾವ ಬದಿಗೆ?”

ನಾನು ಬಟ್ಟೆಯ ನಕಾಶೆ ಬಿಚ್ಚಿ ಗೋಡೆಗೆ ತೂಗುಹಾಕಿದೆ. ಶರಾವತಿ ಸಮುದ್ರ ಸೇರುವ ಜಾಗದಲ್ಲಿ ಬೆರಳಿಟ್ಟು, ಅಲ್ಲಿಂದ ವಾಯವ್ಯಕ್ಕೆ ನೀಲಿಯ ಮೇಲೆ ಎಳೆದುಕೊಂಡು ಹೋದೆ. ನಡುವೆ ಒಂದೂ ಊರಿಲ್ಲ, ಬೆಟ್ಟವಿಲ್ಲ. ಹೆಂಗಸರು ಒಮ್ಮೆಗೇ ಉಸಿರು ಬಿಟ್ಟರು.

“ಅಂದ್ರೆ ನಮ್ಮದೇ ಸಮುದ್ರದ ಆಚೆ ದಡ” ಎಂದಳು ಮಾದೇವಿ. “ನಾ ಎಲ್ಲೋ ಹಿಮಾಲಯದ ಹಿಂದೆ ಅಂತ ಮಾಡಿದ್ದೆ.”

ಅಂದಿನಿಂದ ನಮ್ಮ ಪಾಠದ ದಾರಿಯೇ ಬದಲಾಯಿತು. ಹಲಗೆಯ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ‘ನಮ್ಮ ದೇಶ’, ಬಲಕ್ಕೆ ‘ಅವರ ದೇಶ’. ಎಡಗಡೆಗೆ ಅವರೇ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ, ಅವರು ನೋಡಿ ಸ್ಲೇಟಿನಲ್ಲಿ ತಿದ್ದುತ್ತಿದ್ದರು. ನದಿ, ಮಳೆ, ಅಕ್ಕಿ, ಮೀನು, ತೆಂಗು. ಹೀಗೆ ಅಕ್ಷರ ಕಲಿಯತೊಡಗಿದರು. ಬಲಗಡೆಗೆ ಬರೆಯಲು ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ. ನಮ್ಮ ಪಠ್ಯದಲ್ಲಿ ಅರಬಸ್ತಾನದ ಬಗ್ಗೆ ಇದ್ದದ್ದು ಮೂರೇ ಸಾಲು: ಮರಳುಗಾಡು, ಖರ್ಜೂರ, ಒಂಟೆ.

ಒಂದು ಸೋಮವಾರ ರಜೆ ಹಾಕಿ ಭಟ್ಕಳಕ್ಕೆ ಹೋದೆ. ಪೇಟೆಯಲ್ಲಿ ನಮ್ಮ ತಂದೆಗೆ ಪರಿಚಯದ ಒಬ್ಬ ವಯಸ್ಸಾದ ಸಾಹೇಬರ ಬಟ್ಟೆ ಅಂಗಡಿಯಿತ್ತು. ಅವರ ತಮ್ಮ ಹತ್ತು ವರ್ಷದಿಂದ ದುಬೈಯಲ್ಲಿದ್ದ, ಅವರೂ ಎರಡು ಸಲ ಹೋಗಿ ಬಂದಿದ್ದರು. ನಾನು ನೋಟ್‌ಪುಸ್ತಕ ತೆಗೆದದ್ದು ನೋಡಿ ಅವರಿಗೆ ನಗು ಬಂತು. ಅಂಗಡಿಯ ಹಿಂದಿದ್ದ ಮನೆಯತ್ತ ತಮ್ಮ ನವಾಯತಿ ಭಾಷೆಯಲ್ಲಿ ಕೂಗಿ ಚಹಾ ಹೇಳಿದರು.

“ಬರ್ಕೊಳ್ಳಿ ಟೀಚರ್. ಅಲ್ಲಿ ಹೊಳೆ ಇಲ್ಲ. ಒಂದೂ ಇಲ್ಲ. ಸಮುದ್ರದ ನೀರನ್ನೇ ಕಾಯಿಸಿ ಸಿಹಿ ಮಾಡ್ತಾರೆ. ಮಳೆ ಅಂದ್ರೆ ಚಳಿಗಾಲದಲ್ಲಿ ಎರಡು ದಿನ, ಮೂರು ದಿನ. ನಮಗೆ ಆಷಾಢ ಬಂದಾಗ ಅವರಿಗೆ ಬೆಂಕಿ. ಕಬ್ಬಿಣ ಮುಟ್ಟಿದ್ರೆ ಕೈ ಸುಡ್ತದೆ.”

“ಅವರ ಸಂಪತ್ತೆಲ್ಲ ಎಣ್ಣೆಯದೇ?”

“ಈಗ ಎಣ್ಣೆ. ಮೊದಲು ಅವರೂ ನಿಮ್ಮ ದಂಡೆಯವರ ಹಾಗೇ. ಮುಳುಗಿ ಮುತ್ತು ತೆಗೀತಿದ್ರು, ಮೀನು ಹಿಡೀತಿದ್ರು. ಹಡಗು ಕಟ್ಟೋಕೆ ಮರ ಈ ಕಡೆಯಿಂದಲೇ ಹೋಗ್ಬೇಕಿತ್ತು. ನಮ್ಮ ರೂಪಾಯಿ ಅಲ್ಲಿ ನಡೀತಿತ್ತು, ಗೊತ್ತುಂಟಾ? ಆಗ ಅವರು ಗಾಳಿ ನೋಡ್ಕೊಂಡು ಇಲ್ಲಿಗೆ ಬರ್ತಿದ್ರು, ಈಗ ನಾವು ಅಲ್ಲಿಗೆ ಹೋಗ್ತೇವೆ. ಗಾಳಿ ತಿರುಗಿತು, ಅಷ್ಟೇ.” ಚಹಾದ ಲೋಟವನ್ನು ನನ್ನ ಕಡೆ ಸರಿಸಿ ಹೇಳಿದರು, “ನಾವು ಬಡವರು, ಅವರು ಶ್ರೀಮಂತರು ಅಂತ ಮಾತ್ರ ಬರೆಸಬೇಡಿ. ಎರಡೂ ಖಾಯಂ ಅಲ್ಲ.”

ಆ ಮಾತು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ. ಹಿಂದಿರುಗುವಾಗ ಮಾವಳ್ಳಿಯ ಹತ್ತಿರ ಬಸ್ಸಿನ ಕಿಟಕಿಯಿಂದ ಮಳೆಯಲ್ಲಿ ಕಪ್ಪಾಗಿ ಏಳುತ್ತಿದ್ದ ಸಮುದ್ರವನ್ನು ನೋಡುತ್ತ ಅದನ್ನೇ ಯೋಚಿಸಿದೆ. ಎರಡು ದೇಶಗಳನ್ನು ಹೋಲಿಸಿ ಎಂದು ಪರೀಕ್ಷೆಯಲ್ಲಿ ಕೇಳುತ್ತೇವೆ. ಎರಡೂ ಕಡೆ ನಿಂತು ನೋಡಿದವರು ಎಷ್ಟು ಜನ?

ಮುಂದಿನ ಶನಿವಾರ ಬಲಗಡೆಯೂ ತುಂಬಿತು. ಹೆಂಗಸರ ಪ್ರಶ್ನೆಗಳು ಮಕ್ಕಳ ಪ್ರಶ್ನೆಗಳಂತಿರಲಿಲ್ಲ. ಅಲ್ಲಿ ಮೀನು ಮಾರುವವರು ಯಾರು ಎಂದು ಒಬ್ಬಳು ಕೇಳಿದಳು. ಗಂಡಸರೇ ಎಂದಾಗ ಕೋಣೆಯೆಲ್ಲ ನಗು. “ಹೆಂಗಸ್ರಿಲ್ದೆ ಮೀನುಪೇಟೆಯ? ಬಾಯಿ ಯಾರ್ದು ನಡೀತದೆ?” ಎಂದಳು ಮಾದೇವಿ. ಆಮೇಲೆ ಗಂಭೀರವಾಗಿ, “ಹಾಗಾದ್ರೆ ಅಲ್ಲಿ ಹೆಂಗಸ್ರ ಕೈಲಿ ಎಂತ ಇರ್ತದೆ?” ಎಂದಳು. ನನಗೆ ಗೊತ್ತಿಲ್ಲ ಎಂದೆ. ಹಲಗೆಯಲ್ಲಿ ಆ ಜಾಗ ಖಾಲಿ ಬಿಟ್ಟೆ. ಮಳೆಯ ಎದುರಿಗೆ ಮಾತ್ರ ದೊಡ್ಡದಾಗಿ ಬರೆದೆ: ‘ಆಷಾಢದಲ್ಲಿ ಮಳೆ ಇಲ್ಲ.’ ಎಲ್ಲರೂ ಅದನ್ನು ಸ್ಲೇಟಿನಲ್ಲಿ ನಕಲು ಮಾಡಿದರು.

ಎರಡು ವಾರದ ನಂತರ ಜಟ್ಟಪ್ಪನ ಕಾಗದ ಬಂತು. ಮಾದೇವಿ ತರಗತಿ ಮುಗಿದ ಮೇಲೆ ಉಳಿದಳು. ಆಗಿನ್ನೂ ಅವಳಿಗೆ ಕೂಡಿಸಿ ಓದಲು ಬರುತ್ತಿರಲಿಲ್ಲ; ಕಾಗದ ದಾರಿಯಲ್ಲೇ ಕೈಗೆ ಸಿಕ್ಕಿದ್ದರಿಂದ ಮಗಳಿಗೆ ಇನ್ನೂ ತೋರಿಸಿರಲಿಲ್ಲ. ನಾನೇ ಓದಿದೆ. ನಾಲ್ಕನೆಯ ತರಗತಿಯವರೆಗೆ ಕಲಿತವನ ದಪ್ಪ ಅಕ್ಷರ. ತಾನು ಕ್ಷೇಮ, ನಾಗವೇಣಿ ಶಾಲೆ ಬಿಡಬಾರದು, ಕೆಲಸ ನಡೆದಿದೆ. ಆಮೇಲೆ: “ಇಲ್ಲಿಯೂ ಎಂಟು ದಿವಸದಿಂದ ಒಂದೇ ಸಮನೆ ಮಳೆ ಹೊಡೆಯುತ್ತಿದೆ. ಒಗೆದ ಬಟ್ಟೆ ಒಣಗುವುದಿಲ್ಲ. ಮನೆಯ ಮಾಡಿಗೆ ಮಡಲು ಹೊದೆಸಿದಿರೋ ಇಲ್ಲವೋ ಎಂದು ಅದೇ ಚಿಂತೆ.”

ಓದುತ್ತ ಓದುತ್ತ ನನ್ನ ಸ್ವರ ತಾನಾಗಿ ನಿಧಾನವಾಯಿತು. ಆದರೂ ಮುಗಿಸಿ, ಮಡಿಚಿ, ಅವಳ ಕೈಗೆ ಕೊಟ್ಟೆ. ಮಾದೇವಿ ಹಲಗೆಯ ಕಡೆ ನೋಡುತ್ತಿದ್ದಳು. ಅಂದಿನ ಪಾಠಕ್ಕೆಂದು ಮತ್ತೆ ಬರೆದಿದ್ದ, ಗೆರೆಯ ಬಲಗಡೆಯ ಸಾಲು ಇನ್ನೂ ಅಳಿಸಿರಲಿಲ್ಲ.

“ಅಕ್ಕೋರೇ, ಅಲ್ಲಿ ಈಗ ಮಳೆ ಬರೂದಿಲ್ಲ ಅಂದಿದ್ರಿ.”

“ಒಂದೊಂದು ವರ್ಷ ಬರಬಹುದು ಮಾದೇವಿ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಪೇಟೆಯಲ್ಲಿ ಮೀನಿನ ಕಿವಿ ಎತ್ತಿ ಹಳತೋ ಹೊಸತೋ ಎಂದು ನೋಡುತ್ತಾರಲ್ಲ, ಹಾಗೆ.

“ಕಲ್ಸೂಕೆ ಒಂದು, ಹೇಳೂಕೆ ಒಂದು ಮಾಡ್ಬೇಡಿ. ನಿಮ್ಗೂ ಗೊತ್ತಾತು, ನಂಗೂ ಗೊತ್ತಾತು. ಇವ್ರು ಸಮುದ್ರ ದಾಟ್ಲೇ ಇಲ್ಲ. ಮುಂಬೈಲೇ ಇದ್ದಾರೆ.”

ನಾನು ತಲೆ ತಗ್ಗಿಸಿದೆ. ಕಲಿಸುವ ಕೆಲಸಕ್ಕೆ ಬಂದು ಎರಡು ತಿಂಗಳಾಗಿರಲಿಲ್ಲ. ನಾನೇ ಬರೆದ ಸಾಲನ್ನು ನಾನೇ ಸುಳ್ಳು ಮಾಡಲು ಹೊರಟಿದ್ದೆ. ಕರುಣೆಯಿಂದ ಎಂದು ಆಗ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವಳ ದುಃಖವನ್ನು ಎದುರಿಸುವ ಧೈರ್ಯ ನನಗಿರಲಿಲ್ಲ. ತಪ್ಪಾಯಿತು ಎಂದೆ.

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಹೊರಗೆ ಸುರಿಯುತ್ತಿದ್ದ ಮಳೆ ನೋಡಿದಳು. “ಪಾಪ, ಮಳೆ ಇಲ್ಲದ ಊರು ಅಂತ ಇರ್ತದೆ ಅಂತ ಅವ್ರಿಗೆ ಹೊಳೀಲೇ ಇಲ್ಲ” ಎಂದಳು. “ಮೋಸ ಮಾಡೂಕೂ ಬರೂದಿಲ್ಲ.”

“ನಾನು ಬೇಕಾದರೆ ಒಂದು ಕಾಗದ ಬರೆದುಕೊಡ್ತೇನೆ” ಎಂದೆ.

“ಬೇಡ. ಬೇಗ ಬೇಗ ಅಕ್ಷರ ಕಲ್ಸಿ. ಈ ಕಾಗ್ದ ನಾನೇ ಬರೀಬೇಕು. ಇನ್ನೊಬ್ರ ಅಕ್ಷರ ನೋಡಿದ್ರೆ ಊರಿಗೆಲ್ಲ ಗೊತ್ತಾಗಿದೆ ಅಂತ ಅವ್ರು ಬರೂದೇ ಇಲ್ಲ.”

ಮುಂದಿನ ಮೂರು ವಾರ ಅವಳು ಶನಿವಾರ, ಭಾನುವಾರ ಎಂದು ಕಾಯಲಿಲ್ಲ. ನಾನು ಶಾಲೆ ಮುಗಿಸಿ ಬರುವ ಹೊತ್ತಿಗೆ ಕೋಣೆಯ ಮೆಟ್ಟಿಲ ಮೇಲೆ ಸ್ಲೇಟು ಹಿಡಿದು ಕೂತಿರುತ್ತಿದ್ದಳು. ಬಲೆ ಹೆಣೆದ ಬೆರಳು; ಬಳಪ ಅದರಲ್ಲಿ ಪುಡಿಯಾಗುತ್ತಿತ್ತು. ಒತ್ತಕ್ಷರ ಬಂದಾಗ ಬೈಯುತ್ತಿದ್ದಳು. ಕೊನೆಗೆ ಒಂದು ದಿನ ಇನ್‌ಲ್ಯಾಂಡ್ ಕಾಗದ ತಂದು, ನನ್ನ ಕೋಣೆಯ ನೆಲದ ಮೇಲೆ ಕೂತು ಬರೆದಳು. ಎರಡು ಸಂಜೆ ಹಿಡಿಯಿತು. ಮುಗಿಸಿ ನನಗೆ ತೋರಿಸಿದಳು, ತಿದ್ದಕೂಡದು ಎಂದು ಮೊದಲೇ ಹೇಳಿ. ಅದು ನನಗೆ ಈಗಲೂ ಬಾಯಿಪಾಠ:

“ಇವರಿಗೆ ಮಾದೇವಿ ಬರೆಯುವುದು. ನಾವು ಚೆನ್ನಾಗಿದ್ದೇವೆ. ಮಾಡಿಗೆ ಮಡಲು ಹೊದೆಸಿದೆ. ನಿಮ್ಮ ಮಳೆ ಯಾವ ದೇಶದ್ದು ನನಗೆ ಗೊತ್ತಾತು. ಇಲ್ಲಿ ಬಿದ್ದ ಮಳೆ ನಾಲ್ಕು ದಿನ ಬಿಟ್ಟು ನಿಮ್ಮ ತಲೆ ಮೇಲೆ ಬೀಳುತ್ತದೆ. ಯಾರಿಗೂ ಹೇಳಲಿಲ್ಲ. ನೂಲ ಹುಣ್ಣಿಮೆ ಕಳೆದ ಮೇಲೆ ದೋಣಿ ಇಳಿಸುತ್ತಾರೆ. ಬನ್ನಿ.”

ಜಟ್ಟಪ್ಪ ಶ್ರಾವಣದ ಆ ಹುಣ್ಣಿಮೆಗೆ ಎರಡು ದಿನ ಮೊದಲು ಬಂದ. ಹೊಸ ಪ್ಯಾಂಟು, ಒಂದು ತಗಡಿನ ಪೆಟ್ಟಿಗೆ. ದಂಡೆಗೆ ದಂಡೆಯೇ ನೋಡಲು ಹೋಯಿತು. ನೀರು ಸಿಹಿ ಮಾಡುವ ಯಂತ್ರ ನೋಡಿದ್ದೀಯಾ, ಒಂಟೆ ಹತ್ತಿದ್ದೀಯಾ ಎಂದು ಕೇಳಿದವರಿಗೆ ಅವನು ಹೂಂ ಎಂದೋ ಊಹೂಂ ಎಂದೋ ಹೇಳಿ ಜಾರಿಕೊಳ್ಳುತ್ತಿದ್ದನಂತೆ. ಮುಂಬಯಿಗೆ ಹೋದ ವಾರದಲ್ಲೇ ಏಜೆಂಟು ಪಾಸ್‌ಪೋರ್ಟು ಇಸಿದುಕೊಂಡು ಕಾಣೆಯಾಗಿದ್ದ. ಬರಿಗೈಯಲ್ಲಿ ಊರಿಗೆ ಬರಲು ನಾಚಿ ಇವನು ಅಲ್ಲಿ ದೋಣಿಗಳು ಬಂದು ನಿಲ್ಲುವ ಮೀನು ಧಕ್ಕೆಯಲ್ಲಿ ಬುಟ್ಟಿ ಹೊರುವ ಕೆಲಸಕ್ಕೆ ಸೇರಿದ್ದ. ಇದು ಗೊತ್ತಿದ್ದದ್ದು ಗಂಡ ಹೆಂಡಿರಿಗೆ ಮತ್ತು ನನಗೆ. ನಾಗವೇಣಿಗೆ ಹೇಳಿರಲಿಲ್ಲ.

ಆಗಲೇ ಹೆಡ್‌ಮಾಸ್ತರಿಗೆ ಒಂದು ಉಮೇದು ಬಂತು. ಅವರು ಬಿಳಿ ಟೊಪ್ಪಿಯ, ನಗುವುದು ಅಪರೂಪದ ಮನುಷ್ಯ. “ಅರ್ಧವಾರ್ಷಿಕ ಪರೀಕ್ಷೆಗೆ ಎರಡು ದೇಶಗಳ ಹೋಲಿಕೆಯ ಪ್ರಶ್ನೆ ಇಡ್ತೀರಲ್ಲ? ಕಣ್ಣಾರೆ ನೋಡಿದವನೇ ಊರಲ್ಲಿದ್ದಾನೆ. ಅವನನ್ನು ಕರೆಸಿ ಮಾತಾಡಿಸಿ” ಎಂದರು. ಮಕ್ಕಳಿಗೆ ಆಗಲೇ ಹೇಳಿಬಿಟ್ಟಿದ್ದರು. ಬೇಡ ಎನ್ನಲು ನನ್ನ ಹತ್ತಿರ ಹೇಳಬಹುದಾದ ಕಾರಣ ಇರಲಿಲ್ಲ. ಸಂಜೆ ಮಾದೇವಿಯ ಮನೆಗೆ ಓಡಿದೆ.

“ಹೆದ್ರಬೇಡಿ ಅಕ್ಕೋರೇ” ಎಂದಳು ಅವಳು. “ಇವ್ರಿಗೆ ಎಲ್ಲಾ ಕಲ್ಸಿದ್ದೆ.” ಚಾವಡಿಯಲ್ಲಿ ಜಟ್ಟಪ್ಪ ಅವಳ ನೋಟ್‌ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಗೆರೆಯ ಎಡಬಲಕ್ಕೆ ಎರಡು ಸಾಲುಗಳಲ್ಲಿದ್ದ ಅವಳ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

ಮರುದಿನ ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಮೊದಲ ಬೆಂಚಿನಲ್ಲಿ ನಾಗವೇಣಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕಣ್ಣಲ್ಲಿ ಹೊಳಪು. ಜಟ್ಟಪ್ಪ ಮೇಜಿನ ಅಂಚು ಹಿಡಿದು ಶುರುಮಾಡಿದ. ಹೊಳೆ ಇಲ್ಲ ಎಂದ. ಎಣ್ಣೆ ಸಿಗುವ ಮೊದಲು ಮುತ್ತು ತೆಗೆಯುತ್ತಿದ್ದರು ಎಂದ. ಇಲ್ಲಿ ದೀಪ ಹಚ್ಚುವಾಗ ಅಲ್ಲಿ ಇನ್ನೂ ಬಿಸಿಲು ಎಂದ. ಎಲ್ಲವೂ ಸರಿ. ನನ್ನ ಹಲಗೆಯ ಸಾಲುಗಳೇ ಒಂದರ ಹಿಂದೆ ಒಂದು ಬರುತ್ತಿದ್ದವು. ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಹೆಡ್‌ಮಾಸ್ತರು ತಲೆದೂಗಿದರು. ನಾನು ಉಸಿರು ಬಿಟ್ಟೆ.

ಹಿಂದಿನ ಸಾಲಿನಿಂದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದಳು. “ಅಲ್ಲಿ ಊರಿನ ನೆನಪಾದ್ರೆ ನೀವು ಎಂತ ಮಾಡ್ತಿದ್ರಿ?”

ಇದು ನೋಟ್‌ಪುಸ್ತಕದಲ್ಲಿ ಇರಲಿಲ್ಲ.

ಜಟ್ಟಪ್ಪ ಮಗಳ ಕಡೆ ನೋಡಿದ. ಹೊರಗೆ ಹಂಚಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. “ನೆನಪಾದ್ರೆ...” ಎಂದು ನಿಲ್ಲಿಸಿದ. ಆಮೇಲೆ ಮೇಜಿನಿಂದ ಕೈ ತೆಗೆದ.

“ನೆನಪಾದ್ರೆ ಧಕ್ಕೆಯ ತುದಿಗೆ ಹೋಗಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ತಿದ್ದೆ ಮಗಾ. ಅದು ದುಬೈ ಅಲ್ಲ, ಮುಂಬೈ. ನಾ ದುಬೈಗೆ ಹೋಗ್ಲೇ ಇಲ್ಲ. ಕರ್ಕೊಂಡು ಹೋಗ್ತೆ ಅಂದವ ನಡುವೆ ಬಿಟ್ಟು ಓಡ್ದ. ಈವರೆಗೆ ಹೇಳಿದ್ದೆಲ್ಲ ನನ್ನ ಹೆಂಡ್ತಿ ಈ ಶಾಲೆಲಿ ಕಲ್ತದ್ದು. ಮಕ್ಳ ಹತ್ರ ನೋಡದ್ದನ್ನ ನೋಡಿದ್ದೆ ಅಂತ ಹೇಳೂಕೆ ನಂಗಾಗೂದಿಲ್ಲ.”

ಯಾರೋ ಒಬ್ಬ ಕಿಸಕ್ಕೆಂದು ನಕ್ಕ. ಹೆಡ್‌ಮಾಸ್ತರು ತಿರುಗಿ ನೋಡಿದ್ದೇ ತಡ ನಗು ನಿಂತಿತು. ನಾಗವೇಣಿಯ ತಲೆ ಬೆಂಚಿಗೆ ತಾಗುವಷ್ಟು ಬಗ್ಗಿತ್ತು. ಇನ್ನೇನು ಹೆಡ್‌ಮಾಸ್ತರು ಜಟ್ಟಪ್ಪನನ್ನು ಬೈದು ಕಳಿಸುತ್ತಾರೆ ಎಂದು ನಾನು ಎದ್ದು ನಿಂತೆ. ಹೆಡ್‌ಮಾಸ್ತರು ಟೊಪ್ಪಿ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

“ಕೂತ್ಕೊಳ್ಳಿ” ಎಂದು ತಮ್ಮ ಕುರ್ಚಿಯನ್ನೇ ಅವನ ಕಡೆ ಸರಿಸಿದರು. “ಮುಂಬಯಿ ನೋಡಿದ್ದೀರಲ್ಲ, ಅದನ್ನು ಹೇಳಿ. ನಮ್ಮ ಮಕ್ಕಳಲ್ಲಿ ಅದನ್ನೂ ನೋಡಿದವರಿಲ್ಲ.”

ಅವನು ಕೂರಲಿಲ್ಲ, ನಿಂತೇ ಹೇಳಿದ. ಧಕ್ಕೆಗೆ ಬರುವ ನೂರಾರು ದೋಣಿಗಳು. ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಸಿಗಡಿ ಸುಲಿಯುವ ಹೆಂಗಸರು, ಒಬ್ಬಳದು ಮರಾಠಿ, ಒಬ್ಬಳದು ತೆಲುಗು, ಒಬ್ಬಳದು ಗುಜರಾತಿ, ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗುವಂಥದು. ಐಸಿನಲ್ಲಿ ಮುಳುಗಿ ಬಣ್ಣ ಕಳೆದುಕೊಂಡ ಕೈಗಳು. ಅಷ್ಟು ಮೀನು ಹೊತ್ತವನಿಗೆ ಊಟಕ್ಕೆ ಮೀನು ಸಿಗದ ದಿನಗಳು. ಒಂದೇ ಖೋಲಿಯಲ್ಲಿ ಸರದಿಯ ಮೇಲೆ ಮಲಗುವ ಹದಿನೆಂಟು ಜನ. ಗಂಟೆ ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ. ನೋಡದ ದೇಶದ ಬಗ್ಗೆ ಹೇಳುವಾಗ ತಡವರಿಸುತ್ತಿದ್ದ ಮನುಷ್ಯ ಇವನೇ ಹೌದೋ ಅಲ್ಲವೋ ಎನ್ನುವಂತಿತ್ತು.

ಊರು ಸುಮ್ಮನಿರಲಿಲ್ಲ. ‘ದುಬೈ ಜಟ್ಟಪ್ಪ’ ಎಂಬ ಹೆಸರು ಅಂದೇ ಸಂಜೆ ಹುಟ್ಟಿ ಅವನ ಜೊತೆ ಕೊನೆಯವರೆಗೆ ಉಳಿಯಿತು. ಮಾದೇವಿಗೆ ಸಿಟ್ಟು ಬಂದಿತ್ತು. “ನಾ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟೆ. ಇವ್ರು ಒಂದು ಹುಡುಗಿ ಕೇಳಿದ್ದಕ್ಕೆ ಬಿಚ್ಚಿ ಹಾಕಿದ್ರು” ಎಂದು ನನ್ನ ಹತ್ತಿರ ಹೇಳಿಕೊಂಡಳು. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ದೋಣಿ ನೀರಿಗಿಳಿಯಿತು, ಜಟ್ಟಪ್ಪ ಹಳೆಯ ಜಾಗದಲ್ಲೇ ಹುಟ್ಟು ಹಿಡಿದ. ಮಾದೇವಿ ಬುಟ್ಟಿ ಹೊತ್ತಳು. ನನ್ನ ಹೆಂಗಸರ ತರಗತಿ ತಾನಾಗಿ ಮುಗಿಯಿತು.

ನಾಗವೇಣಿ ಮಾತ್ರ ಅಪ್ಪನ ಹತ್ತಿರ ಮಾತು ಬಿಟ್ಟಿದ್ದಳು. ತರಗತಿಯಲ್ಲೂ ಬಾಯಿ ತೆರೆಯುತ್ತಿರಲಿಲ್ಲ, ಮೊದಲ ಬೆಂಚು ಬಿಟ್ಟು ಗೋಡೆಯ ಬದಿಗೆ ಹೋಗಿ ಕೂತಿದ್ದಳು. ನಾನು ಕರೆದು ಸಮಾಧಾನ ಹೇಳಲು ನೋಡಿದೆ. “ಎಂತ ಇಲ್ಲ ಅಕ್ಕೋರೇ” ಎಂದು ಹೋಗಿಬಿಟ್ಟಳು. ಒಂದು ತಿಂಗಳು ಹಾಗೇ ಕಳೆಯಿತು.

ಅರ್ಧವಾರ್ಷಿಕ ಪರೀಕ್ಷೆ ಮುಗಿಸಿ ಉತ್ತರ ಪತ್ರಿಕೆಗಳನ್ನು ಕಟ್ಟಿಕೊಂಡು ರಜೆಗೆ ಕುಮಟಾಕ್ಕೆ ಹೋದೆ. ಪ್ರಶ್ನೆ ಹೆಡ್‌ಮಾಸ್ತರು ಹೇಳಿದ್ದೇ: ಯಾವುದಾದರೂ ಎರಡು ದೇಶಗಳ ನೆಲ, ದುಡಿಮೆ, ಜನಜೀವನಗಳನ್ನು ಹೋಲಿಸಿ ಬರೆಯಿರಿ. ಹೆಚ್ಚಿನ ಮಕ್ಕಳು ಪಠ್ಯದಲ್ಲಿದ್ದ ಜಪಾನನ್ನು ಹಿಡಿದಿದ್ದರು. ನಾಗವೇಣಿ ನಮ್ಮ ದೇಶವನ್ನೂ ದುಬೈಯನ್ನೂ ಬರೆದಿದ್ದಳು. ನಡುವೆ ಗೆರೆ ಎಳೆದು, ಎಡಕ್ಕೆ ಹೊಳೆ, ಬಲಕ್ಕೆ ಕಾಯಿಸಿದ ಸಮುದ್ರದ ನೀರು, ಎಡಕ್ಕೆ ಮೀನು ಮಾರುವ ಹೆಂಗಸರು, ಬಲಕ್ಕೆ ಗಂಡಸರು. ಒಂದೂ ತಪ್ಪಿರಲಿಲ್ಲ. ಉತ್ತರ ಮುಗಿದ ಮೇಲೆ ಕೆಳಗೆ ಎರಡು ಸಾಲು ಹೆಚ್ಚಿಗೆ ಬರೆದಿದ್ದಳು:

“ಇವುಗಳಲ್ಲಿ ಎರಡನೆಯ ದೇಶವನ್ನು ನಾನು ನೋಡಿಲ್ಲ. ನಮ್ಮ ತಂದೆಯವರೂ ನೋಡಿಲ್ಲ, ಅವರೇ ಹೇಳಿದ್ದಾರೆ.”

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ನೋಡದ್ದನ್ನು ನೋಡಿಲ್ಲ ಎನ್ನುವ, ಪಠ್ಯ ಬರೆದವರು ಬರೆಯದೇ ಬಿಟ್ಟ ಸಾಲು ಅದು. ಆ ಮಳೆಗಾಲದ ಮಧ್ಯಾಹ್ನ, ಕಾಗದ ಓದಿ ಮುಗಿಸಿ ಅವಳ ತಾಯಿಯ ಎದುರು, ನಾನು ಹೇಳದೇ ಬಿಟ್ಟ ಸಾಲೂ ಅದೇ.